ಮೂರೂ ನೆಟ್‌ವರ್ಕ್ ಸುತ್ತಿದ ಸಿಲ್ವರ್‌ಮನ್

ಅಮೆರಿಕದ ಮೂರೂ ದೊಡ್ಡ ಟಿವಿ ನೆಟ್‌ವರ್ಕ್‌ಗಳಲ್ಲಿ (ದೇಶವಿಡೀ ಕಾರ್ಯಕ್ರಮ ಬಿತ್ತರಿಸುವ ಸಂಸ್ಥೆಗಳು) ಕಾರ್ಯಕ್ರಮಗಳ ಹೊಣೆ ಹೊತ್ತ ಫ್ರೆಡ್ ಸಿಲ್ವರ್‌ಮನ್‌ಗೆ ಓದುವಾಗಲೇ ಟಿವಿ ವೇಳಾಪಟ್ಟಿಯ ಹುಚ್ಚು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರು ಬರೆದ ಎಂಎ ಪ್ರಬಂಧ 400 ಪುಟ ದಾಟಿತ್ತು. ವಿಷಯ? ಎಬಿಸಿ ನೆಟ್‌ವರ್ಕ್ ಯಾವ ಕಾರ್ಯಕ್ರಮವನ್ನು ಯಾವಾಗ ಹಾಕಿತು, ಏಕೆ ಹಾಕಿತು ಅನ್ನೋದು. ಮುಂದೆ ಅದೇ ಎಬಿಸಿಯ ಚುಕ್ಕಾಣಿ ಹಿಡಿಯುತ್ತೇನೆ ಅಂತ ಆಗ ಅಂದುಕೊಂಡಿದ್ದರೋ ಇಲ್ಲವೋ.

ಆಗ ಅಲ್ಲಿದ್ದದ್ದು ಮೂರೇ ದೊಡ್ಡ ನೆಟ್‌ವರ್ಕ್: ಸಿಬಿಎಸ್, ಎಬಿಸಿ, ಎನ್‌ಬಿಸಿ. 1963ರಲ್ಲಿ ಸಿಬಿಎಸ್‌ನ ಹಗಲು ಕಾರ್ಯಕ್ರಮಗಳ ಹೊಣೆ ಸಿಕ್ಕಾಗ ಸಿಲ್ವರ್‌ಮನ್‌ಗೆ ಬರೀ 25 ವರ್ಷ. ಮಕ್ಕಳ ನೆಚ್ಚಿನ ನಾಯಿ ‘ಸ್ಕೂಬಿ ಡೂ’ಗೆ ಹೆಸರು ಕೊಟ್ಟವರೂ ಇವರೇ. ಒಂದು ಹಾಡಿನ ಕೊನೆಯಲ್ಲಿ ಬರುವ ‘ಡೂಬಿ ಡೂಬಿ ಡೂ’ ಕೇಳಿ ಹೊಳೆದದ್ದು ಅಂತ ಆಮೇಲೆ ಹೇಳಿಕೊಂಡಿದ್ದಾರೆ.

1970ರಲ್ಲಿ ಸಿಬಿಎಸ್‌ನ ಇಡೀ ಕಾರ್ಯಕ್ರಮ ವಿಭಾಗ ಅವರ ಕೈಗೆ ಬಂತು. ಹಳ್ಳಿ ಕತೆಯ ಸರಣಿಗಳಿಗೆ ಆಗ ನೋಡುಗರು ಬೇಕಾದಷ್ಟಿದ್ದರು. ಆದರೆ ಜಾಹೀರಾತು ಕೊಡುವವರಿಗೆ ಬೇಕಿದ್ದದ್ದು ಪಟ್ಟಣದ ಹರೆಯದವರು. ಹಾಗಾಗಿ 1971ರಲ್ಲಿ ಆ ಸರಣಿಗಳನ್ನೆಲ್ಲ ಒಟ್ಟಿಗೆ ಎತ್ತಿಬಿಟ್ಟರು. ಮರ ಕಾಣುವ ಕಾರ್ಯಕ್ರಮವನ್ನೆಲ್ಲ ಕಿತ್ತುಹಾಕಿದರು ಅಂತ ಒಬ್ಬ ನಟ ಗೇಲಿ ಮಾಡಿದ. ಆ ಜಾಗಕ್ಕೆ ‘ಆಲ್ ಇನ್ ದ ಫ್ಯಾಮಿಲಿ’ಯಂಥ, ಜನಾಂಗದ್ವೇಷ, ರಾಜಕೀಯವನ್ನೆಲ್ಲ ಮನೆಯ ನಡುಮನೆಗೇ ತಂದ ಹಾಸ್ಯ ಸರಣಿಗಳು ಬಂದವು.

1975ರಲ್ಲಿ ಎಬಿಸಿಗೆ ಹಾರಿದರು. ಅವರ ಕೈಚಳಕ ಚೆನ್ನಾಗಿ ಕಾಣೋದು ಇಲ್ಲೇ. ‘ಹ್ಯಾಪಿ ಡೇಸ್’ ಎಂಬ ಹಾಸ್ಯ ಸರಣಿ ಅವರು ಬರುವ ಮೊದಲೇ, 1974ರಿಂದ ಓಡುತ್ತಿತ್ತು. ಅದರಲ್ಲಿ ಬದಿಗಿದ್ದ ಫೋಂಜಿ ಎಂಬ ಪಾತ್ರ ಈಗ ಮುಂದಕ್ಕೆ ಬಂತು. ಅದರ ಕೊಂಬೆಯಾಗಿ ‘ಲವರ್ನ್ ಅಂಡ್ ಶರ್ಲಿ’ ಹುಟ್ಟಿತು. ಮಂಗಳವಾರ ರಾತ್ರಿ 8ಕ್ಕೆ ಮೊದಲನೆಯದು, ಅದರ ಬೆನ್ನಿಗೇ ಎಂಟೂವರೆಗೆ ಎರಡನೆಯದು. ಕೂತವರು ಏಳಲೇ ಇಲ್ಲ. 1977ರ ಜನವರಿಯಲ್ಲಿ, ಗುಲಾಮಗಿರಿಯ ಕತೆ ಹೇಳುವ ‘ರೂಟ್ಸ್’ ಅನ್ನು ಸತತ ಎಂಟು ರಾತ್ರಿ ಹಾಕಿದರು. ವಾರಕ್ಕೊಂದು ಕಂತು ಅನ್ನೋ ರೂಢಿಯ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಅಷ್ಟು ಹೊತ್ತಿಗೆ ಎಬಿಸಿ ಮೊದಲ ಸ್ಥಾನಕ್ಕೇರಿತ್ತು. ಅದೇ ವರ್ಷ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಸಿಲ್ವರ್‌ಮನ್.

ಒಂದು ಮಾತು ಮಾತ್ರ ಹೇಳಲೇಬೇಕು. ‘ರೂಟ್ಸ್’ ಕೂಡ ಅವರು ಬರುವ ಮೊದಲೇ ಎಬಿಸಿ ಕೈಹಾಕಿದ್ದ ಕೆಲಸ. ಬೇರೆಯವರು ಬಿತ್ತಿದ್ದು ಇವರ ಕಾಲದಲ್ಲಿ ಫಸಲಿಗೆ ಬಂತು. ಮುಂದೆ ಇದೇ ಲೆಕ್ಕ ಉಲ್ಟಾ ಹೊಡೆಯಿತು.

1978ರಲ್ಲಿ ಎನ್‌ಬಿಸಿ ಅವರನ್ನು ಅಧ್ಯಕ್ಷರನ್ನಾಗಿ ಕರೆದುಕೊಂಡಿತು. ಮೂರರಲ್ಲಿ ಮೂರನೆಯದಾಗಿದ್ದ ನೆಟ್‌ವರ್ಕ್ ಅದು. ರೈಲಿನಲ್ಲೇ ನಡೆಯುವ ಕತೆಯ, ಭಾರೀ ಖರ್ಚಿನ ಸರಣಿ ‘ಸೂಪರ್‌ಟ್ರೇನ್’ 1979ರಲ್ಲಿ ಮೂರೇ ತಿಂಗಳಲ್ಲಿ ಹಳಿ ತಪ್ಪಿತು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಹಕ್ಕು ಎನ್‌ಬಿಸಿ ಬಳಿಯೇ ಇತ್ತು. ಅಮೆರಿಕ ಬಹಿಷ್ಕಾರ ಹಾಕಿದ್ದೇ ತಡ, ಅದೂ ಕೈಬಿಟ್ಟಿತು. 1981ರಲ್ಲಿ ಸಿಲ್ವರ್‌ಮನ್ ಹೊರಗೆ, ಅವರ ಕುರ್ಚಿಗೆ ಗ್ರಾಂಟ್ ಟಿಂಕರ್ ಒಳಗೆ.

ಆದರೆ ಹೋಗುವ ಮೊದಲು ಅವರು ಮಾಡಿದ್ದನ್ನು ನೋಡಿ. ‘ಹಿಲ್ ಸ್ಟ್ರೀಟ್ ಬ್ಲೂಸ್’ ಎಂಬ ಪೊಲೀಸ್ ಸರಣಿಯನ್ನು ಜನ ನೋಡದಿದ್ದರೂ ಉಳಿಸಿಕೊಂಡರು. ಅವರು ಹೋದ ಕೆಲವೇ ತಿಂಗಳಲ್ಲಿ ಅದಕ್ಕೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿ ಎಂಟು ಬಂತು. ಮನರಂಜನಾ ವಿಭಾಗಕ್ಕೆ ಅವರು ತಂದು ಕೂರಿಸಿದ್ದ ಬ್ರ್ಯಾಂಡನ್ ಟಾರ್ಟಿಕಾಫ್ ಟಿಂಕರ್ ಜೊತೆ ಸೇರಿ ಎನ್‌ಬಿಸಿಯನ್ನು ಮೊದಲ ಸ್ಥಾನಕ್ಕೆ ಒಯ್ದರು. ಹೆಸರು ಅವರಿಬ್ಬರಿಗೆ. ಸಿಲ್ವರ್‌ಮನ್ ಹೆಸರಿಗೆ ಉಳಿದದ್ದು ಆ ರೈಲು. ಇದು ಅನ್ಯಾಯ ಅನ್ನಿಸುತ್ತೆ, ಅಲ್ವಾ? ಎಬಿಸಿಯಲ್ಲಿ ಬೇರೆಯವರು ಬಿತ್ತಿದ್ದಕ್ಕೆ ಅವರಿಗೆ ಬಂದ ಹೊಗಳಿಕೆಯನ್ನೂ ಜೊತೆಗಿಟ್ಟು ನೋಡಿದರೆ ಅಷ್ಟೇನೂ ಅಲ್ಲ.

ಆಮೇಲೆ ಅವರು ನಿರ್ಮಾಪಕರಾದರು. 1986ರಲ್ಲಿ ಶುರುವಾದ ‘ಮ್ಯಾಟ್‌ಲಾಕ್’ ಎಂಬ ಕೋರ್ಟು ಸರಣಿ ಆರು ವರ್ಷ ಓಡಿದ್ದು ಎನ್‌ಬಿಸಿಯಲ್ಲೇ. ಅದನ್ನು ಹಚ್ಚಿಕೊಂಡು ನೋಡಿದವರಲ್ಲಿ ವಯಸ್ಸಾದವರೇ ಜಾಸ್ತಿ. ವಕೀಲನ ಪಾತ್ರ ಮಾಡಿದ್ದು ಆ್ಯಂಡಿ ಗ್ರಿಫಿತ್. 1971ರಲ್ಲಿ ಸಿಲ್ವರ್‌ಮನ್ ಎತ್ತಿಹಾಕಿದ ಹಳ್ಳಿ ಸರಣಿಗಳಲ್ಲಿ ಒಂದು, ಇದೇ ಗ್ರಿಫಿತ್ ಅವರ ಹಳೆಯ ಕಾರ್ಯಕ್ರಮದಿಂದ ಹುಟ್ಟಿದ್ದಾಗಿತ್ತು.