ಉತ್ತರ ಇರೋದು ಮೇಲಾ, ಆಚೆಗಾ?

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಒಂದು ಹಾಲ್‌ನಲ್ಲಿ ಮಕ್ಕಳಿಗಾಗಿ ನಕ್ಷೆಗಳ ಪುಟ್ಟ ಮ್ಯೂಸಿಯಂ ಮಾಡುತ್ತಿದ್ದೇವೆ. ಕರ್ನಾಟಕದ ದೊಡ್ಡ ನಕ್ಷೆಯನ್ನು ಗೋಡೆಗೆ ಹಾಕಬೇಕೋ, ನೆಲದ ಮೇಲೆ ಬರೆಸಬೇಕೋ?

ನೆಲದ ಮೇಲೇ ಬರೆಸಿ. ಆದರೆ ನಕ್ಷೆಯ ಉತ್ತರ ನಿಜವಾದ ಉತ್ತರದ ಕಡೆಗೇ ಇರಬೇಕು. ಕೋಣೆಗೆ ಓರೆಯಾಗಿ ಕಂಡರೂ ಪರವಾಗಿಲ್ಲ. ಚೆಂದ ಕಾಣಲಿ ಅಂತ ಗೋಡೆಗೆ ಸಮನಾಗಿ ಬರೆಸಿದರೆ ಅದು ಸುಮ್ನೆ ಒಂದು ಜಮಖಾನ, ಅಷ್ಟೆ.

ಗೋಡೆಯ ನಕ್ಷೆಯಲ್ಲಿ ಉತ್ತರ ‘ಮೇಲೆ’ ಇರುತ್ತದೆ. ಮಕ್ಕಳಿಗೆ ಮೇಲೆ ಅಂದರೆ ಅಟ್ಟ, ಫ್ಯಾನು, ಆಕಾಶ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹರಿಹರ ದಾಟಿ ಹಂಪಿ ಕಡೆ ಹೋಗುತ್ತವಲ್ಲ, ಗೋಡೆಯ ಮೇಲೆ ನೋಡಿದರೆ ಹೊಳೆ ಬೆಟ್ಟ ಹತ್ತಿದ ಹಾಗೆ ಕಾಣುತ್ತದೆ. ‘ಮಿಸ್, ನೀರು ಮೇಲಕ್ಕೂ ಹರಿಯುತ್ತಾ?’ ಅಂತ ಮಗು ಕೇಳಿದರೆ ತಪ್ಪು ಮಗುವಿನದಲ್ಲ. ನೆಲದ ಮೇಲಾದರೆ ಅದೇ ಮಗು ಹೊಳೆಯ ಜೊತೆ ಉತ್ತರಕ್ಕೆ ನಡೆದು ಹೋಗುತ್ತದೆ.

ದೊಡ್ಡವರ ಕಥೆಯೂ ಇಷ್ಟೇ. ‘ನೀವು ಇಲ್ಲಿದ್ದೀರಿ’ ಅನ್ನೋ ಬೋರ್ಡಿನ ಮುಂದೆ ಕತ್ತು ವಾಲಿಸಿಕೊಂಡು ನಿಂತಿರುತ್ತೇವಲ್ವಾ? ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಲೆವಿನ್ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಬೋರ್ಡು ಸುತ್ತಲಿನ ಜಾಗಕ್ಕೆ ಹೊಂದಿಕೊಂಡಿಲ್ಲದಿದ್ದರೆ ಜನ ಧೈರ್ಯವಾಗಿ ತಪ್ಪು ದಿಕ್ಕಿಗೇ ಹೊರಡುತ್ತಿದ್ದರು. ಗೋಡೆಗೇ ಹಾಕಬೇಕು ಅಂತಿದ್ದರೆ ಉತ್ತರದ ಗೋಡೆಗೆ ಹಾಕಿ. ಕೊನೆಪಕ್ಷ ಎಡ, ಬಲವಾದರೂ ಸರಿಹೋಗುತ್ತದೆ.

ಅಳತೆಗೆ ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಇಟ್ಟುಕೊಳ್ಳಿ. ರಾಜ್ಯದ ಉದ್ದ ಸುಮಾರು 750 ಕಿ.ಮೀ., ಅಗಲ 400. ಅಂದರೆ ಏಳೂವರೆ ಮೀಟರಿಗೆ ನಾಲ್ಕು ಮೀಟರ್ ಜಾಗ ಬೇಕು. ಮಗುವಿನ ಪಾದ 20 ಸೆಂಟಿಮೀಟರ್ ಇದ್ದರೆ ಒಂದು ಪಾದಕ್ಕೆ 20 ಕಿ.ಮೀ. ಬೆಂಗಳೂರಿಂದ ಮೈಸೂರಿಗೆ ಹಿಮ್ಮಡಿಗೆ ಬೆರಳು ತಾಗಿಸಿಕೊಂಡು ನಡೆದರೆ ಆರೂ ಚಿಲ್ಲರೆ ಪಾದ. ಜಾಗ ಸಾಲದಿದ್ದರೆ ನಿಮ್ಮ ಜಿಲ್ಲೆ, ಅಕ್ಕಪಕ್ಕದ ಜಿಲ್ಲೆ ಬರೆಸಿ ಸಾಕು. ಅಳತೆ ಮಾತ್ರ ಕುಗ್ಗಿಸಬೇಡಿ.

ಇಷ್ಟಾದರೆ ಅಸಲಿ ಮಜಾ ಶುರು. ಮಗು ನಿಮ್ಮೂರಿನ ಚುಕ್ಕೆಯ ಮೇಲೆ ನಿಂತು ಅಜ್ಜಿಯ ಊರಿನ ಚುಕ್ಕೆ ಕಡೆ ಕೈ ಚಾಚಿದರೆ, ಆ ಬೆರಳು ನಿಜವಾದ ಅಜ್ಜಿಯ ಊರನ್ನೇ ತೋರಿಸುತ್ತಿರುತ್ತದೆ. ಗೋಡೆಯಾಚೆ, ಹೊಲದಾಚೆ, ಅಲ್ಲೇ.

ದಿಕ್ಸೂಚಿ ವಿಷಯದಲ್ಲಿ ಒಂದು ಎಚ್ಚರಿಕೆ. ಒಮ್ಮೆ ನಾನು ಸ್ಟೀಲ್ ಟೇಬಲ್ ಮೇಲೆ ನಾಲ್ಕು ದಿಕ್ಸೂಚಿ ಜೋಡಿಸಿಟ್ಟೆ. ನಾಲ್ಕೂ ನಾಲ್ಕು ‘ಉತ್ತರ’ ಕೊಟ್ಟವು! ಕಬ್ಬಿಣದ ಬೀರು, ಸ್ಪೀಕರ್, ಕಾಂಕ್ರೀಟಿನೊಳಗಿನ ಕಂಬಿ ಎಲ್ಲವೂ ಸೂಜಿಯನ್ನು ಎಳೆಯುತ್ತವೆ. ಹಾಗಾಗಿ ಹೊರಗೆ ಬಯಲಲ್ಲಿ ಉತ್ತರ ನೋಡಿಕೊಳ್ಳಿ. ಸೂಜಿಗೂ ಕಟ್ಟಡದ ಗೋಡೆಗೂ ಎಷ್ಟು ಕೋನ ಅಂತ ಅಳೆದು, ಒಳಗೆ ಅಷ್ಟೇ ಕೋನಕ್ಕೆ ದಾರ ಹಿಡಿಯಿರಿ. ಮಕ್ಕಳ ದಿಕ್ಸೂಚಿಗಳಿಗೆ ಮರದ ಮೇಜು ಇರಲಿ.

ತೀರಾ ಪುಟಾಣಿಗಳ ತಲೆಬಿಸಿ ಬೇಡ. 1987ರಲ್ಲಿ ಜೂಡಿ ಡಿಲೋಶ್ ಎಂಬ ಸಂಶೋಧಕಿ ಪುಟ್ಟ ಮಾದರಿ ಕೋಣೆಯಲ್ಲಿ ಗೊಂಬೆ ಬಚ್ಚಿಟ್ಟು ತೋರಿಸಿ, ದೊಡ್ಡ ಕೋಣೆಯಲ್ಲಿ ಅದೇ ಜಾಗದಲ್ಲಿದ್ದ ಗೊಂಬೆ ಹುಡುಕಲು ಹೇಳಿದರು. ಮೂರು ವರ್ಷದವರಲ್ಲಿ ಹೆಚ್ಚಿನವರು ನೇರ ಹೋಗಿ ತೆಗೆದರು. ಎರಡೂವರೆಯವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಅವರು ನಕ್ಷೆಯ ಮೇಲೆ ಕುಣಿದಾಡಿಕೊಂಡಿರಲಿ.

ಫ್ಲೆಕ್ಸ್ ಹಾಸಬೇಡಿ, ಸಾಕ್ಸ್ ಹಾಕಿದ ಮಕ್ಕಳು ಜಾರುತ್ತಾರೆ. ಪೇಂಟೇ ವಾಸಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಹಾಗೆ ನಾಳೆ ಇನ್ನೊಂದು ಆದರೆ, ಬ್ರಷ್ ಹಿಡಿದು ಒಂದು ಗೆರೆ ಎಳೆದರಾಯಿತು.