ಪದ ಪರಿಚಯ: ಆನ್‌ಲೈನ್ ಫ್ಯಾಮಿಲಿ ಥೆರಪಿ

"ಮಗ ಹೇಳಿದ ಮಾತೇ ಕೇಳಲ್ಲ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಫ್ಯಾಮಿಲಿ ಥೆರಪಿಸ್ಟ್ ಹತ್ತಿರ ಬರುವ ಅಪ್ಪ ಅಮ್ಮಂದಿರ ಮೊದಲ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕೆಟ್ಟ ಫೋನನ್ನು ರಿಪೇರಿಗೆ ಬಿಟ್ಟು, ಸರಿಯಾದ ಮೇಲೆ ಬಂದು ತೆಗೆದುಕೊಂಡು ಹೋಗುವ ಲೆಕ್ಕ. ಆದರೆ ಥೆರಪಿಸ್ಟ್ ಹುಡುಗನ ಕಡೆ ತಿರುಗುವ ಬದಲು ಇವರನ್ನೇ ಕೇಳುತ್ತಾರೆ. "ಅವನು ಮಾತು ಕೇಳದಿದ್ದಾಗ ನೀವೇನು ಮಾಡ್ತೀರಿ? ಆಗ ಇವರೇನು ಮಾಡ್ತಾರೆ? ಆಮೇಲೆ?" ಪದದ ಅರ್ಧ ಅರ್ಥ ಈ ಮೂರು ಪ್ರಶ್ನೆಯಲ್ಲೇ ಇದೆ.

ಥೆರಪಿ ಅನ್ನುವುದು ಗ್ರೀಕ್ ಮೂಲದ ಪದ. ಅಲ್ಲಿ ಅದಕ್ಕೆ ಸೇವೆ, ಆರೈಕೆ ಎಂಬ ಅರ್ಥವಿತ್ತು. ಇಲ್ಲಿ ಆ ಆರೈಕೆ ನಡೆಯುವುದು ಮಾತಿನಲ್ಲಿ. ಫ್ಯಾಮಿಲಿ ಥೆರಪಿ ಎಂದರೆ ಮನೆಯವರೆಲ್ಲ ಸಾಲಾಗಿ ಕೂತು ಮಾಡಿಸಿಕೊಳ್ಳುವ ಕೌನ್ಸೆಲಿಂಗ್ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಒಬ್ಬೊಬ್ಬರ ಮನಸ್ಸಿಗಿಂತ ಜಾಸ್ತಿ, ಇಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದರ ಮೇಲೆ ಇಲ್ಲಿ ಕಣ್ಣು. ಹಾಗಾಗಿ ಎದುರಿಗೆ ಒಬ್ಬರೇ ಕೂತಿದ್ದರೂ ಅದು ಫ್ಯಾಮಿಲಿ ಥೆರಪಿ ಆಗಬಹುದು.

ಈ ದೃಷ್ಟಿ ಗಟ್ಟಿಯಾಗಿದ್ದು 1950ರ ದಶಕದಲ್ಲಿ. ಅಮೆರಿಕದ ಮನೋವೈದ್ಯ ಮರ್ರೇ ಬೋವೆನ್ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದವರ ಜೊತೆಗೆ ಅವರ ಮನೆಯವರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಅವರು ಒಬ್ಬರ ಜೊತೆ ಒಬ್ಬರು ಹೇಗಿರುತ್ತಾರೆ ಎಂದು ಗಮನಿಸಿದರು. ಮುಂದೆ ಅವರು ಕೊಟ್ಟ ಹೆಸರುವಾಸಿ ಕಲ್ಪನೆ 'ತ್ರಿಕೋನ'. ಇಬ್ಬರ ನಡುವೆ ಬಿಸಿ ಏರಿದಾಗ ಅವರಿಗೇ ಗೊತ್ತಿಲ್ಲದೆ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ. "ನಾಳೆ ಬೇಗ ಹೋಗ್ಬೇಕಂತೆ ಅಂತ ಅಪ್ಪನಿಗೆ ಹೇಳು." "ಗೊತ್ತು ಅಂತ ನಿಮ್ಮಮ್ಮನಿಗೆ ಹೇಳು." ಮಧ್ಯದಲ್ಲಿ ಏಳು ವರ್ಷದ ಮಗು ಪೋಸ್ಟ್‌ಮ್ಯಾನ್. ಮೂರು ತಿಂಗಳಲ್ಲಿ ಆ ಮಗುವಿಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. ಅಪ್ಪ ಅಮ್ಮ ಹೊಟ್ಟೆನೋವಿನ ವಿಷಯಕ್ಕಾದರೂ ಮಾತಾಡುತ್ತಾರೆ. ನೋವು ಸುಳ್ಳಲ್ಲ, ಆದರೆ ಅದಕ್ಕೊಂದು ಕೆಲಸ ಸಿಕ್ಕಿಬಿಟ್ಟಿದೆ. ಮನೆಯವರೆಲ್ಲ ಬೆರಳು ತೋರಿಸುವ ಇಂಥ ಒಬ್ಬರನ್ನು ಈ ವೃತ್ತಿಯವರು 'ಐಡೆಂಟಿಫೈಡ್ ಪೇಷೆಂಟ್' ಎನ್ನುತ್ತಾರೆ. ಮನೆ ಆರಿಸಿದ ರೋಗಿ ಅಂದುಕೊಳ್ಳಿ. ಈ ಶಾಸ್ತ್ರದಲ್ಲಿ ಒಂದೇ ಪದ ನೆನಪಿಟ್ಟುಕೊಳ್ಳುವುದಾದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಸಾಲ್ವಡೋರ್ ಮಿನುಚಿನ್ ಎಂಬ ಇನ್ನೊಬ್ಬ ಫ್ಯಾಮಿಲಿ ಥೆರಪಿಸ್ಟ್ ಮನೆಯೊಳಗಿನ ಗಡಿಗಳ ಬಗ್ಗೆ ಜಾಸ್ತಿ ಹೇಳಿದರು. ದೊಡ್ಡವರು ಎಲ್ಲಿ ಒಂದಾಗಿರಬೇಕು, ಮಕ್ಕಳಿಗೆ ಎಲ್ಲಿ ಜಾಗ ಬಿಡಬೇಕು ಎಂಬ ಗಡಿ. ಅಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ, ಹತ್ತು ನಿಮಿಷದಲ್ಲಿ ಅಪ್ಪ ವಾಪಸ್ ಕೊಡುತ್ತಾನೆ. ಎಲ್ಲರೂ ಅದನ್ನು ಮಗುವಿನ ಫೋನ್ ಚಟ ಎನ್ನುತ್ತಾರೆ. ಥೆರಪಿಸ್ಟ್‌ಗೆ ಕಾಣುವುದು ಆ ಹತ್ತು ನಿಮಿಷ.

ಇನ್ನು 'ಆನ್‌ಲೈನ್' ವಿಷಯ. ಅಂದರೆ ಥೆರಪಿಸ್ಟ್ ಮತ್ತು ಮನೆಯವರು ವಿಡಿಯೋ ಕಾಲ್‌ನಲ್ಲಿ ಸೇರುವುದು. ಇದು ಮೊನ್ನೆ ಮೊನ್ನೆ ಬಂದದ್ದು ಅನ್ನಿಸಬಹುದು. ಆದರೆ 1959ರಲ್ಲೇ ಅಮೆರಿಕದ ನೆಬ್ರಾಸ್ಕಾದಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಕಾಣುವ ಟೀವಿ ಜೋಡಿಸಿ ಗುಂಪು ಥೆರಪಿ ಮಾಡಿ ನೋಡಿದ್ದರು. ಮಕ್ಕಳ ವಿಷಯದಲ್ಲಂತೂ ಥೆರಪಿಸ್ಟ್ ದೂರ ಕೂತು ಕೆಲಸ ಮಾಡುವುದು ಹಳೆಯ ಪದ್ಧತಿಯೇ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ, ಚಿಕ್ಕದಾಗಿ ಪಿಸಿಐಟಿ, ಇದಕ್ಕೆ ಒಳ್ಳೆಯ ಉದಾಹರಣೆ. ಎರಡರಿಂದ ಏಳು ವರ್ಷದ, ಹಟ ಜಾಸ್ತಿ ಇರುವ ಮಕ್ಕಳಿಗಾಗಿ ಮಾಡಿದ್ದು. ಮಗು ಮತ್ತು ಅಮ್ಮ ಅಥವಾ ಅಪ್ಪ ಕೋಣೆಯಲ್ಲಿ ಆಡುತ್ತಾರೆ. ಥೆರಪಿಸ್ಟ್ ಗಾಜಿನ ಆಚೆ. ಅಲ್ಲಿಂದ ದೊಡ್ಡವರ ಕಿವಿಗೆ ಮಾತ್ರ ಮಾತು.

ಅದೇ ಈಗ ಮನೆಯಲ್ಲಿ ಹೀಗೆ ನಡೆಯುತ್ತದೆ. ನಾಲ್ಕು ವರ್ಷದ ಹುಡುಗಿ ನೆಲದ ಮೇಲೆ ಬ್ಲಾಕ್ಸ್ ಜೋಡಿಸುತ್ತಿದ್ದಾಳೆ. ಫೋನನ್ನು ಪುಸ್ತಕಗಳ ಅಟ್ಟಿಗೆ ಒರಗಿಸಿಟ್ಟಿದ್ದಾರೆ. ಅಮ್ಮನ ಕಿವಿಯಲ್ಲಿ ಇಯರ್‌ಫೋನ್. "ಇದು ಯಾವ ಬಣ್ಣ ಹೇಳು?" ಎಂದು ಅಮ್ಮ ಕೇಳುತ್ತಾಳೆ. ಕಿವಿಯಲ್ಲಿ ಮೆಲ್ಲಗೆ: "ಪ್ರಶ್ನೆ ಬೇಡ. ಅವಳು ಮಾಡ್ತಿರೋದನ್ನ ಸುಮ್ನೆ ಹೇಳಿ." ಅಮ್ಮ ಒಂದು ಕ್ಷಣ ತಡೆದು, "ಕೆಂಪಿನ ಮೇಲೆ ನೀಲಿ ಇಡ್ತಿದ್ದೀಯ" ಎನ್ನುತ್ತಾಳೆ. ಹುಡುಗಿ ತಲೆ ಎತ್ತುತ್ತಾಳೆ. ಒಂದು ಬ್ಲಾಕ್ ಅಮ್ಮನ ಕೈಗೆ ಕೊಡುತ್ತಾಳೆ. ಕಿವಿಯಲ್ಲಿ ಮತ್ತೆ: "ಕೊಟ್ಟಿದ್ದಕ್ಕೆ ಹೊಗಳಿ. ಈಗಲೇ."

ಇಷ್ಟೇನಾ? ಆರಂಭದಲ್ಲಿ ಇಷ್ಟೇ. ಆಟದ ಹೊತ್ತಿನಲ್ಲಿ ಪ್ರಶ್ನೆ, ಅಪ್ಪಣೆ, ಟೀಕೆ ಮೂರೂ ಬೇಡ. ದಿನಕ್ಕೆ ಐದು ನಿಮಿಷ ಇದನ್ನೇ ಮನೆಪಾಠವಾಗಿ ಮಾಡಬೇಕು. ಐದು ನಿಮಿಷ ಪ್ರಶ್ನೆ ಕೇಳದೆ ಮಗುವಿನ ಜೊತೆ ಕೂತು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಹೇಳಿದ್ದನ್ನು ಮಾಡಿಸುವ ಪಾಠ, ಅಂದರೆ ಅಪ್ಪಣೆ ಹೇಗೆ ಕೊಡಬೇಕು, ಕೇಳದಿದ್ದರೆ ಏನು ಮಾಡಬೇಕು ಎಂಬುದು, ಎರಡನೇ ಹಂತದಲ್ಲಿ ಬರುತ್ತದೆ.

ಇದನ್ನು ವಿಡಿಯೋ ಮೂಲಕ ಮಾಡಿದರೆ ಫಲ ಸಿಗುತ್ತದೆಯೇ ಎಂದು ಮನಶ್ಶಾಸ್ತ್ರಜ್ಞ ಜೊನಾಥನ್ ಕೋಮರ್ ಮತ್ತು ಜೊತೆಗಾರರು ಪರೀಕ್ಷಿಸಿದ್ದಾರೆ. 2017ರಲ್ಲಿ ಬಂದ ಆ ಅಧ್ಯಯನದಲ್ಲಿದ್ದವರು ಮೂರರಿಂದ ಐದು ವರ್ಷದ 40 ಮಕ್ಕಳು. ಕ್ಲಿನಿಕ್ಕಿಗೆ ಹೋದವರಲ್ಲೂ, ಮನೆಯಿಂದಲೇ ಮಾಡಿದವರಲ್ಲೂ ಸುಧಾರಣೆ ಕಂಡಿತು. ಅಧ್ಯಯನ ಚಿಕ್ಕದು, ನಿಜ. ಆದರೆ ಅದು ಹೇಳುವುದು ಯಾರಿಗೂ ಆಶ್ಚರ್ಯ ತರುವಂಥದ್ದಲ್ಲ. ಹಟ ನಡೆಯುವುದು ಮನೆಯಲ್ಲಿ, ಪಾಠವೂ ಅಲ್ಲೇ ಆದರೆ ಸಲೀಸು ಅಲ್ವಾ?

ಸ್ಕ್ರೀನ್ ಕೆಲವು ವಿಷಯ ಕೊಡುತ್ತದೆ. ಹದಿಹರೆಯದ ಮಗಳು ಬಾಗಿಲ ಹತ್ತಿರವೇ ಕೂರುತ್ತಾಳೆ. ಅಪ್ಪ ಕ್ಯಾಮೆರಾದಲ್ಲಿ ಅರ್ಧ ಮಾತ್ರ ಕಾಣುತ್ತಾನೆ. ಬೇರೆ ಬೇರೆ ಊರಲ್ಲಿರುವ ವಿಚ್ಛೇದಿತ ಅಪ್ಪ ಅಮ್ಮ ಮಗುವಿಗಾಗಿ ಒಂದೇ ಕಾಲ್‌ನಲ್ಲಿ ಸೇರಬಹುದು. ಕೆಲವು ವಿಷಯ ಕಸಿದೂ ಕೊಳ್ಳುತ್ತದೆ. ಮೇಜಿನ ಕೆಳಗೆ ಅಲುಗಾಡುವ ಕಾಲು ಕಾಣುವುದಿಲ್ಲ. ಮೌನ ಬಂದರೆ ಅಳು ಬರುತ್ತಿದೆಯೋ ನೆಟ್‌ವರ್ಕ್ ಹೋಯಿತೋ ತಿಳಿಯುವುದಿಲ್ಲ. ಸಿಟ್ಟು ಬಂದವರಿಗೆ ಕೆಂಪು ಬಟನ್ ಒತ್ತುವುದು ಎದ್ದು ಹೋಗುವುದಕ್ಕಿಂತ ಸುಲಭ. ಇನ್ನು ಐದು ವರ್ಷದ ಮಗುವನ್ನು ಮುಕ್ಕಾಲು ಗಂಟೆ ಸ್ಕ್ರೀನ್ ಮುಂದೆ ಕೂರಿಸುವ ಯೋಚನೆಯೇ ಬೇಡ. ಎಷ್ಟೋ ಸಲ ಥೆರಪಿಸ್ಟ್ ಅಪ್ಪ ಅಮ್ಮನ ಜೊತೆ ಮಾತ್ರ ಮಾತಾಡುತ್ತಾರೆ.

ಮಕ್ಕಳ ಸಾಕಣೆಯ ವಿಡಿಯೋ ನೋಡುವುದು, ಚಾಟ್‌ಬಾಟ್‌ಗೆ ಪ್ರಶ್ನೆ ಹಾಕುವುದು, ಪೇರೆಂಟಿಂಗ್ ಕೋಚ್ ಜೊತೆ ಮಾತಾಡುವುದು, ಇವೆಲ್ಲ ಬೇರೆ. ಉಪಯೋಗ ಇಲ್ಲ ಎಂದಲ್ಲ, ಥೆರಪಿ ಅಲ್ಲ ಅಷ್ಟೇ. ಥೆರಪಿಸ್ಟ್ ಎಂದವರಿಗೆ ಯಾವ ತರಬೇತಿ ಆಗಿದೆ, ಕೆಲಸ ಮಾಡಲು ಅನುಮತಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಎಲ್ಲಾ ಮನೆಗೂ ಇದು ಹೊಂದುವುದಿಲ್ಲ. ಹೊಡೆತ ಬಡಿತ ಇರುವ ಮನೆಯಲ್ಲಿ ಜೋಡಿಯಾಗಿ ಕೂರಿಸುವ ಸೆಷನ್ ಅಪಾಯ. ಕ್ಯಾಮೆರಾ ಆಚೆ ಯಾರು ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಥೆರಪಿಸ್ಟ್‌ಗೆ ಗೊತ್ತಾಗದು, ಹೇಳಿದ ಒಂದು ಮಾತಿಗೆ ಕಾಲ್ ಮುಗಿದ ಮೇಲೆ ಏಟು ಬೀಳಬಹುದು. ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಮುಂದಿನ ವಾರದ ಸೆಷನ್‌ಗೆ ಕಾಯುವುದಲ್ಲ, ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ತುರ್ತು ಸಹಾಯ ಕರೆಯಬೇಕು. ಶುರುವಿನಲ್ಲೇ ಥೆರಪಿಸ್ಟ್ ನೀವು ಈಗ ಇರುವ ವಿಳಾಸ, ತುರ್ತಿಗೆ ಒಬ್ಬರ ನಂಬರ್ ಕೇಳುತ್ತಾರೆ. ಇವರಿಗ್ಯಾಕೆ ಇದೆಲ್ಲ ಅನ್ನಿಸಬಹುದು. ಕಾರಣ ಇದೇ.

ಇನ್ನೊಂದು ವ್ಯತ್ಯಾಸದ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಕ್ಲಿನಿಕ್ಕಿಂದ ಹೊರಬಂದರೆ ಮನೆ ಸೇರುವವರೆಗೆ ದಾರಿ ಇರುತ್ತದೆ, ಮನಸ್ಸು ಅಷ್ಟರಲ್ಲಿ ಇಳಿಯುತ್ತದೆ. ಇಲ್ಲಿ ಕಾಲ್ ಕಟ್ ಆದ ಕೂಡಲೇ ಅದೇ ಸೋಫಾ, ಪಕ್ಕದಲ್ಲಿ ಅದೇ ಜನ. "ನೀನು ಅವರ ಮುಂದೆ ಹಾಗೆ ಹೇಳಬಾರದಿತ್ತು" ಎಂದು ಅಲ್ಲೇ ಶುರುವಾಗುತ್ತದೆ. ಹಾಗಾಗಿ ಸೆಷನ್ ಮುಗಿದ ಮೇಲಿನ ಕಾಲು ಗಂಟೆ ಏನು ಮಾಡುವುದು ಎಂದು ಸೆಷನ್‌ನಲ್ಲೇ ಮಾತಾಡಿಕೊಂಡಿರುವುದು ಒಳ್ಳೆಯದು: ಒಬ್ಬರು ಮಗುವಿನ ಹತ್ತಿರ ಹೋಗುವುದು, ಇನ್ನೊಬ್ಬರು ಚಪ್ಪಲಿ ಹಾಕಿಕೊಂಡು ಹೊರಗೆ ಒಂದು ಸುತ್ತು ಬರುವುದು.