10 ಲಕ್ಷನೇ ಅದೃಷ್ಟಶಾಲಿ ನೀವೇ!

‘ಅಭಿನಂದನೆಗಳು! ಈ ಪುಟಕ್ಕೆ ಬಂದ 10 ಲಕ್ಷನೇ ವ್ಯಕ್ತಿ ನೀವು!’ 2000ದ ಆಸುಪಾಸಿನಲ್ಲಿ ಸೈಬರ್ ಕೆಫೆಗೆ ಹೋಗುತ್ತಿದ್ದವರಿಗೆ ಈ ಮಿಣಮಿಣ ಮಿಂಚುವ ಜಾಹೀರಾತು ನೆನಪಿರಬೇಕು. ಪಕ್ಕದ ಸೀಟಿನವರೂ 10 ಲಕ್ಷನೇ ವ್ಯಕ್ತಿಯೇ ಆಗಿರುತ್ತಿದ್ದರು! ಎಣಿಸುವವರು ಯಾರೂ ಇರಲಿಲ್ಲ, ಆ ಸಂಖ್ಯೆ ಚಿತ್ರದೊಳಗೇ ಬರೆದದ್ದು. ಇನ್ನೊಂದರಲ್ಲಿ ಕೋತಿಯೊಂದು ಅತ್ತಿಂದಿತ್ತ ಓಡುತ್ತಿತ್ತು. ಅದಕ್ಕೆ ಗುದ್ದಿದರೆ 20 ಡಾಲರ್ ಅಂತೆ.

ಪಾಪ್-ಅಪ್, ಅಂದರೆ ತಾನಾಗಿ ತೆರೆದುಕೊಳ್ಳುವ ಜಾಹೀರಾತಿನ ಕಿಟಕಿ, ಹುಟ್ಟಿದ್ದು ಮಾತ್ರ ಮೋಸಕ್ಕಲ್ಲ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ತಾಣದಲ್ಲಿ ಜನ ತಮ್ಮದೇ ಪುಟ ಮಾಡಿಕೊಳ್ಳಬಹುದಿತ್ತು. ಒಂದು ಕಾರು ಕಂಪನಿಯ ಜಾಹೀರಾತು ಲೈಂಗಿಕ ವಿಷಯದ ಪುಟದಲ್ಲಿ ಕಾಣಿಸಿಕೊಂಡು ಗಲಾಟೆಯಾಯಿತು. ಪುಟಕ್ಕೂ ಜಾಹೀರಾತಿಗೂ ನಂಟು ಕಾಣದಿರಲೆಂದು ಜಾಹೀರಾತಿಗೆ ಬೇರೆಯದೇ ಕಿಟಕಿ ತೆರೆಯುವ ಕೋಡ್ ಬರೆದವರು ಅಲ್ಲಿದ್ದ ಈಥನ್ ಝುಕರ್‌ಮನ್ (ಫೇಸ್‌ಬುಕ್‌ನವರಲ್ಲ, ಇವರು ಬೇರೆ). 2014ರಲ್ಲಿ ಅವರು ಲೋಕದ ಕ್ಷಮೆಯನ್ನೂ ಕೇಳಿದರು.

ಕಾಟ ಜಾಸ್ತಿಯಾದಾಗ ಬ್ರೌಸರ್‌ಗಳು ತಡೆ ಹಾಕಿದವು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ (ದೊಡ್ಡ ಅಪ್‌ಡೇಟ್) ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಅದು ಬಂತು. ನಿಯಮ ಸರಳ: ಪುಟ ತಾನಾಗಿ ಹೊಸ ಕಿಟಕಿ ತೆರೆಯುವಂತಿಲ್ಲ, ನೀವು ಕ್ಲಿಕ್ ಮಾಡಿದರೆ ತೆರೆಯಬಹುದು. ಕ್ರೋಮ್‌ನಂಥ ಈಗಿನ ಮೊಬೈಲ್ ಬ್ರೌಸರ್‌ಗಳಲ್ಲಿ ಸದ್ದು ಮಾಡೋದಕ್ಕೆ, ಫೋನ್ ನಡುಗಿಸೋದಕ್ಕೂ ಇಂಥದ್ದೇ ಕಟ್ಟುಪಾಡು ಇದೆ.

ಹಾಗಾದರೆ ಈಗಿನ ಬಹುಮಾನದ ಪುಟಗಳಲ್ಲಿ ‘ಒಂಬತ್ತು ಪೆಟ್ಟಿಗೆಗಳಲ್ಲಿ ಒಂದನ್ನು ಆರಿಸಿ’ ಅನ್ನೋ ಆಟ ಯಾಕೆ? ನಿಮ್ಮ ಆಸೆ ಕೆರಳಿಸೋದು ಒಂದು ಕಾರಣ. ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆ ಮುಟ್ಟಿದಿರಾ, ಬ್ರೌಸರ್ ಲೆಕ್ಕದಲ್ಲಿ ನೀವು ಅನುಮತಿ ಕೊಟ್ಟ ಹಾಗೆ. ಹೊಸ ಕಿಟಕಿ, ಸದ್ದು, ನಡುಕ ಎಲ್ಲಕ್ಕೂ ಆ ಒಂದು ಬೆರಳು ಸಾಕು. ಪೆಟ್ಟಿಗೆಯೊಳಗೆ ಏನಿದೆ ಅನ್ನೋದು ಮೊದಲೇ ಬರೆದಿಟ್ಟದ್ದು. ಮೊದಲ ಸಲ ಖಾಲಿ, ಎರಡನೇ ಸಲ ಐಫೋನ್. ಯಾವುದನ್ನು ಒತ್ತಿದರೂ ಅಷ್ಟೇ. ‘ಬೆಂಗಳೂರಿನ ಗ್ರಾಹಕರೇ’ ಅಂತ ಕರೆಯೋದೂ ನಿಮ್ಮನ್ನು ಬಲ್ಲದ್ದರಿಂದಲ್ಲ, ನಿಮ್ಮ ಇಂಟರ್ನೆಟ್ ಸಂಪರ್ಕಕ್ಕಿರುವ ಸಂಖ್ಯೆ, ಅಂದರೆ ಐಪಿ ವಿಳಾಸದಿಂದ ಊಹಿಸಿ. ಹಾಸನದಲ್ಲಿ ಕೂತವರೂ ಎಷ್ಟೋ ಸಲ ಬೆಂಗಳೂರಿನವರೇ ಆಗಿಬಿಡುತ್ತಾರೆ!

ದುಡ್ಡು ಎಲ್ಲಿಂದ? ಅಮೆರಿಕದಲ್ಲಿ ‘ಉಚಿತ’ ಉಡುಗೊರೆ ಸಿಗಬೇಕಾದರೆ ಮೊದಲು ಬೇರೆ ಕಂಪನಿಗಳ ಸಾಲಕ್ಕೋ ಚಂದಾಕ್ಕೋ ಅರ್ಜಿ ಹಾಕಬೇಕಿತ್ತು. ಅರ್ಜಿ ಹಾಕಿಸಿದ್ದಕ್ಕೆ ಜಾಹೀರಾತಿನವರಿಗೆ ಆ ಕಂಪನಿಗಳಿಂದ ದುಡ್ಡು. ಇಂಥ ಆಮಿಷದ ಪ್ರಕರಣದಲ್ಲಿ 2008ರಲ್ಲಿ ವ್ಯಾಲ್ಯೂಕ್ಲಿಕ್ ಎಂಬ ಆನ್‌ಲೈನ್ ಜಾಹೀರಾತು ಕಂಪನಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ 29 ಲಕ್ಷ ಡಾಲರ್ ಕಟ್ಟಿತು.

ನಮ್ಮಲ್ಲಿ ಇದೇ ಆಟ ವಾಟ್ಸಾಪ್‌ಗೆ ಬಂದಿದೆ. ಚಕ್ರ ತಿರುಗಿಸಿ, ಕಾರು ಗೆಲ್ಲಿ, ಆದರೆ ಮೊದಲು ಇಷ್ಟು ಗ್ರೂಪ್‌ಗಳಿಗೆ ಲಿಂಕ್ ಕಳಿಸಿ. ಎಷ್ಟು ಕಳಿಸಿದಿರಿ ಅಂತ ತೋರಿಸುವ ನೀಲಿ ಪಟ್ಟಿ ತುಂಬುವುದು ನೀವು ಶೇರ್ ಗುಂಡಿ ಒತ್ತಿದ್ದನ್ನು ಎಣಿಸಿ ಮಾತ್ರ. ಲಿಂಕ್ ನಿಜವಾಗಿ ಯಾರಿಗಾದರೂ ಹೋಯಿತಾ ಅಂತ ನೋಡುವ ದಾರಿ ಆ ಪುಟಕ್ಕಿಲ್ಲ. ಜಾಹೀರಾತು ಹಂಚುವ ಖರ್ಚೂ ಅವರಿಗಿಲ್ಲ. ಆ ಕೆಲಸವನ್ನು ನಮ್ಮ ಚಿಕ್ಕಪ್ಪ, ಅತ್ತೆಯರು ಸುಮ್ನೆ ಮಾಡಿಕೊಡುತ್ತಾರೆ, ಅದೂ ಬೆಳಗ್ಗೆ ಆರಕ್ಕೇ.